ದನಿಯಿಲ್ಲದವರ ಪರ ನಿಂತ ಟೀಚರ್

ಡೊರೊಥಿಯಾ ಡಿಕ್ಸ್ 1802ರಲ್ಲಿ ಅಮೇರಿಕಾದಲ್ಲಿ ಹುಟ್ಟಿದರು. ಶಾಲೆಯಲ್ಲಿ ಟೀಚರ್ ಆಗಿದ್ದರು. 1841ರಲ್ಲಿ ಜೈಲಿನ ಹೆಂಗಸರಿಗೆ ಪಾಠ ಹೇಳೋಕೆ ಹೋದರು. ಅಲ್ಲಿ ಯಾವ ತಪ್ಪೂ ಮಾಡದ ಮಾನಸಿಕ ರೋಗಿಗಳನ್ನು ಕೈದಿಗಳ ಜೊತೆ ಕೂಡಿ ಹಾಕಿದ್ದರು. ಕೊರೆಯೋ ಚಳಿಯಲ್ಲೂ ಬೆಂಕಿ ಇರಲಿಲ್ಲ.

ಡಿಕ್ಸ್ ಸುಮ್ಮನೆ ಕೂರಲಿಲ್ಲ. ಕೋರ್ಟಿಗೆ ದೂರು ಕೊಟ್ಟು ಒಲೆ ಹಾಕಿಸಿದರು. ಆಮೇಲೆ ಮ್ಯಾಸಚೂಸೆಟ್ಸ್ ರಾಜ್ಯವೆಲ್ಲಾ ಸುತ್ತಿ ಕಂಡದ್ದನ್ನೆಲ್ಲ ಬರೆದುಕೊಂಡರು. ಆಗ ಹೆಂಗಸರು ಶಾಸನಸಭೆಯಲ್ಲಿ ಮಾತಾಡುವ ರೂಢಿ ಇರಲಿಲ್ಲ. ಅದಕ್ಕೇ 1843ರಲ್ಲಿ ಅವರ ಮನವಿಯನ್ನು ಗೆಳೆಯ ಹೋವ್ ಸಭೆಯ ಮುಂದಿಟ್ಟರು. ಸರ್ಕಾರ ಆಸ್ಪತ್ರೆಯನ್ನು ದೊಡ್ಡದು ಮಾಡಿತು.

1854ರಲ್ಲಿ ರೋಗಿಗಳ ನೆರವಿಗಾಗಿ ಜಮೀನು ಕೊಡಿಸೋ ಮಸೂದೆಯನ್ನು ಅಧ್ಯಕ್ಷ ಪಿಯರ್ಸ್ ತಳ್ಳಿಹಾಕಿದರೂ ಡಿಕ್ಸ್ ಕೆಲಸ ಬಿಡಲಿಲ್ಲ. 1887ರಲ್ಲಿ, ತಾವೇ ಹೋರಾಡಿ ಕಟ್ಟಿಸಿದ ಟ್ರೆಂಟನ್ ಆಸ್ಪತ್ರೆಯಲ್ಲೇ ತೀರಿಕೊಂಡರು.

ಅಂಥವರನ್ನು ಕಂಡು ಅಣಕಿಸೋ ಮುಂಚೆ ಈ ಟೀಚರ್ ನೆನಪಾಗಲಿ.