ಬೆಲೆ ಬೇರೆ, ಮೌಲ್ಯ ಬೇರೆ ಎಂದ ಬೆಂಜಮಿನ್ ಗ್ರಹಾಂ

ಷೇರುಪೇಟೆಯನ್ನು ಜೂಜುಕಟ್ಟೆಯೆಂದು ಭಾವಿಸಿ ದೂರ ಉಳಿಯುವ ಸಣ್ಣ ಉಳಿತಾಯಗಾರರಿಗೆ ಲೆಕ್ಕಾಚಾರದ ಹಾದಿಯೊಂದನ್ನು ತೋರಿದವರು ಬೆಂಜಮಿನ್ ಗ್ರಹಾಂ. ಮೌಲ್ಯಾಧಾರಿತ ಹೂಡಿಕೆಯ ಪಿತಾಮಹರೆಂದು ಖ್ಯಾತರಾದ ಅವರು ಈ ಪಾಠ ಕಲಿತದ್ದು ನಷ್ಟದಿಂದ.

1894ರ ಮೇ 9ರಂದು ಲಂಡನ್‌ನಲ್ಲಿ ಜನಿಸಿದ ಗ್ರಹಾಂ, ಮಗುವಾಗಿದ್ದಾಗಲೇ ಕುಟುಂಬದೊಂದಿಗೆ ನ್ಯೂಯಾರ್ಕ್ ಸೇರಿದರು. ಪಿಂಗಾಣಿ ವ್ಯಾಪಾರಿಯಾಗಿದ್ದ ತಂದೆ 1903ರಲ್ಲಿ ನಿಧನರಾದರು, ವ್ಯಾಪಾರವೂ ಮುಳುಗಿತು. ಸಾಲದ ಹಣದಿಂದ ಷೇರು ಕೊಂಡಿದ್ದ ತಾಯಿ, 1907ರ ಕುಸಿತದಲ್ಲಿ ಇದ್ದಬದ್ದ ಉಳಿತಾಯವನ್ನೂ ಕಳೆದುಕೊಂಡರು.

1914ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಗ್ರಹಾಂ, ಅಲ್ಲಿಯೇ ಬೋಧಿಸುವ ಅವಕಾಶವಿದ್ದರೂ ವಾಲ್‌ಸ್ಟ್ರೀಟ್‌ನತ್ತ ನಡೆದರು. 1926ರಲ್ಲಿ ಸರ್ಕಾರಿ ಕಡತಗಳನ್ನು ಪರಿಶೀಲಿಸಿದಾಗ ನಾರ್ದರ್ನ್ ಪೈಪ್‌ಲೈನ್ ಕಂಪನಿ ಅವರ ಗಮನ ಸೆಳೆಯಿತು. ಅದರ ಷೇರಿನ ಬೆಲೆ 65 ಡಾಲರ್. ಆದರೆ ಪ್ರತಿ ಷೇರಿಗೆ ಸುಮಾರು 95 ಡಾಲರ್‌ನಷ್ಟು ಸಾಲಪತ್ರ ಮುಂತಾದ ಸ್ವತ್ತು ಕಂಪನಿಯ ಬಳಿಯಿತ್ತು. ಷೇರು ಖರೀದಿಸಿದ ಗ್ರಹಾಂ, ಆ ಹಣದ ದೊಡ್ಡ ಪಾಲನ್ನು ಷೇರುದಾರರಿಗೆ ಹಂಚುವಂತೆ ಮಾಡಿದರು.

ಆದರೂ 1929ರ ಮಹಾಕುಸಿತ ಅವರನ್ನು ಬಿಡಲಿಲ್ಲ. 1932ರ ವೇಳೆಗೆ ಅವರು ನಿರ್ವಹಿಸುತ್ತಿದ್ದ ನಿಧಿ ಶೇ 70ರಷ್ಟು ಕರಗಿತ್ತು. ಈ ಪೆಟ್ಟಿನ ನಂತರ, 1934ರಲ್ಲಿ ಡೇವಿಡ್ ಡಾಡ್ ಅವರೊಂದಿಗೆ 'ಸೆಕ್ಯುರಿಟಿ ಅನಾಲಿಸಿಸ್' ಗ್ರಂಥವನ್ನು ಹೊರತಂದರು. ಜನಸಾಮಾನ್ಯರಿಗಾಗಿ ಬರೆದ 'ದಿ ಇಂಟೆಲಿಜೆಂಟ್ ಇನ್ವೆಸ್ಟರ್' 1949ರಲ್ಲಿ ಪ್ರಕಟವಾಯಿತು.

ಅವರ ಸೂತ್ರ ಸರಳ. ನೂರು ರೂಪಾಯಿ ಮೌಲ್ಯದ ಷೇರನ್ನು ಅರವತ್ತೈದಕ್ಕೆ ಕೊಂಡರೆ, ಅಂದಾಜು ಕೊಂಚ ತಪ್ಪಿದರೂ ಅಸಲು ಉಳಿದೀತು. ಇದೇ ಸುರಕ್ಷತಾ ಅಂತರ. ಸಣ್ಣ ಹೂಡಿಕೆದಾರರು ಹತ್ತರಿಂದ ಮೂವತ್ತು ದೊಡ್ಡ, ಸುಭದ್ರ ಕಂಪನಿಗಳಲ್ಲಿ ಹಣ ಹಂಚಬೇಕು. ಕಂಪನಿಯು ದೀರ್ಘಕಾಲ ಲಾಭಾಂಶ ನೀಡಿರಬೇಕು. ಷೇರಿನ ಬೆಲೆ ಕಳೆದ ಮೂರು ವರ್ಷಗಳ ಸರಾಸರಿ ಗಳಿಕೆಯ 15 ಪಟ್ಟು ಮೀರಬಾರದು. ಒಟ್ಟು ಉಳಿತಾಯದಲ್ಲಿ ಷೇರುಗಳ ಪಾಲು ಶೇ 25ಕ್ಕಿಂತ ಇಳಿಯಬಾರದು, ಶೇ 75ಕ್ಕಿಂತ ಏರಬಾರದು, ಮಿಕ್ಕಿದ್ದು ಸಾಲಪತ್ರಗಳಲ್ಲಿರಬೇಕು.

ಪೇಟೆಯನ್ನು ಅವರು ಚಂಚಲ ಮನಸ್ಸಿನ ಪಾಲುದಾರನಿಗೆ ಹೋಲಿಸಿದರು. ಆತ ದಿನವೂ ಒಂದು ಬೆಲೆ ಕೂಗುತ್ತಾನೆ. ಅದು ಲಾಭಕರವಾಗಿದ್ದರೆ ಒಪ್ಪಬಹುದು, ಇಲ್ಲವಾದರೆ ಸುಮ್ಮನಿರಬಹುದು. ಆತನ ಭಯವನ್ನಾಗಲಿ ಹುರುಪನ್ನಾಗಲಿ ಅಂಟಿಸಿಕೊಳ್ಳಬೇಕಿಲ್ಲ.

ವಿಚಿತ್ರವೆಂದರೆ, ಅವರ ಅತಿದೊಡ್ಡ ಗೆಲುವು ಬಂದದ್ದು ಈ ನಿಯಮಗಳ ಅಂಚಿನಾಚೆಯಿಂದ. 1948ರಲ್ಲಿ ನಿಧಿಯ ಐದನೇ ಒಂದು ಭಾಗಕ್ಕೂ ಹೆಚ್ಚು ಹಣವನ್ನು ಗೈಕೋ ಎಂಬ ಒಂದೇ ವಿಮಾ ಕಂಪನಿಗೆ ತೊಡಗಿಸಿದರು. ಉಳಿದೆಲ್ಲ ಹೂಡಿಕೆಗಳ ಲಾಭವನ್ನು ಅದೊಂದೇ ಮೀರಿಸಿತು. ಇದನ್ನು ಗ್ರಹಾಂ ಮುಚ್ಚಿಡಲಿಲ್ಲ.

ಕೊಲಂಬಿಯಾದಲ್ಲಿ 1928ರಿಂದ ಪಾಠ ಹೇಳಿದ ಅವರ ಶಿಷ್ಯರಲ್ಲಿ ವಾರನ್ ಬಫೆಟ್ ಪ್ರಮುಖರು. 1976ರ ಸೆಪ್ಟೆಂಬರ್ 21ರಂದು ಗ್ರಹಾಂ ಫ್ರಾನ್ಸ್‌ನಲ್ಲಿ ಕೊನೆಯುಸಿರೆಳೆದರು. ಸಾಲ ಮಾಡಿ ಷೇರು ಕೊಳ್ಳಲು ಹೊರಟವರು, ಖರೀದಿಗೆ ಮುನ್ನ ಅವರ ತಾಯಿಗೆ 1907ರಲ್ಲಿ ಒದಗಿದ ಗತಿಯನ್ನೊಮ್ಮೆ ನೆನೆಯುವುದು ಒಳಿತು.