ಬಯಲಾದ ಬದುಕು: ಅಲ್ಲಮಪ್ರಭುದೇವರು

ಪ್ರಾತಃಕಾಲದಲ್ಲಿ ಮಿಂದು ಮಡಿಯುಟ್ಟು, ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು ಕುಳಿತ ಗೃಹಸ್ಥನ ಅನುಭವವೊಂದುಂಟು. ಕಣ್ಣು ಲಿಂಗದ ಮೇಲಿರುತ್ತದೆ. ಮನಸ್ಸಾದರೋ ಬಿತ್ತನೆಯ ಹೊಲದಲ್ಲಿ, ಅಂಗಡಿಯ ಲೆಕ್ಕದಲ್ಲಿ, ಮಗಳ ಮದುವೆಯ ಚಿಂತೆಯಲ್ಲಿ ಅಲೆಯುತ್ತಿರುತ್ತದೆ. ಒಂದು ನೆನಹನ್ನು ಅಟ್ಟಿದರೆ ಮತ್ತೊಂದು ಬಂದು ನಿಲ್ಲುತ್ತದೆ. ಅಗಲಿದವರ ನೆನಪು ಬಂದಿತೆಂದರೆ ಪೂಜೆಯೇ ಕಣ್ಣೀರಾಗುತ್ತದೆ. ಇಂತಹ ಮನಸ್ಸುಳ್ಳ ಸಂಸಾರಿಗೆ ಶೂನ್ಯದ ಮಾತು, ಬಯಲಿನ ಮಾತು ಬಹು ದೂರದ್ದೆಂದು ತೋರುವುದು ಸಹಜ. ಆದರೆ ಶೂನ್ಯಸಿಂಹಾಸನಾಧೀಶ್ವರರೆಂದು ಶರಣಸಂಕುಲವು ಮನ್ನಿಸಿದ ಅಲ್ಲಮಪ್ರಭುದೇವರ ಜೀವನವನ್ನು ಕವಿ ಹರಿಹರನು ಹೇಳಿದ ಬಗೆಯನ್ನು ನೋಡಿದರೆ, ಅದು ಆರಂಭವಾಗುವುದು ಊರಿನ ನಡುವೆ, ಪ್ರೀತಿಯಲ್ಲಿ ಮತ್ತು ಪ್ರೀತಿಸಿದವರ ಮರಣದಲ್ಲಿ.

ಪ್ರಭುದೇವರು 12ನೆಯ ಶತಮಾನದವರು. ಅವರ ಊರು ಬಳ್ಳಿಗಾವೆ. ಇಂದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಸಣ್ಣ ಗ್ರಾಮವಾಗಿರುವ ಬಳ್ಳಿಗಾವೆಯು ಆಗ ಬನವಾಸಿ ಪನ್ನಿರ್ಚ್ಛಾಸಿರದ ಹೆಸರಾಂತ ಪಟ್ಟಣವಾಗಿದ್ದಿತು. ಶೈವ ದೇಗುಲಗಳು, ಜಿನಾಲಯಗಳು, ಬೌದ್ಧವಿಹಾರ ಎಲ್ಲವೂ ಅಲ್ಲಿದ್ದುವು. ಕೇದಾರೇಶ್ವರನ ಸನ್ನಿಧಿಯ ಕೋಡಿಯಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠವೂ ದೀನರಿಗೂ ರೋಗಿಗಳಿಗೂ ಅನ್ನೌಷಧಗಳ ದಾನವೂ ನಡೆಯುತ್ತಿದ್ದುದನ್ನು 1162ರ ಶಾಸನವು ವರ್ಣಿಸಿದೆ. ಹಲವು ಮತಗಳ ಮಾತು ಕೇಳಿಬರುತ್ತಿದ್ದ ಇಂತಹ ಊರಿನಲ್ಲಿ ಬೆಳೆದ ಅಲ್ಲಮನು ಮದ್ದಳೆಯನ್ನು ನುಡಿಸುವುದರಲ್ಲಿ ನಿಪುಣನಾಗಿದ್ದನೆಂದು ಪರಂಪರೆ ಹೇಳುತ್ತದೆ.

ಅವರ ಪೂರ್ವಾಶ್ರಮದ ಕಥೆಯನ್ನು ಇಬ್ಬರು ಕವಿಗಳು ಎರಡು ಬಗೆಯಾಗಿ ಹೇಳಿರುವರು. ಪ್ರೌಢದೇವರಾಯನ ಕಾಲದ ಚಾಮರಸನು 15ನೆಯ ಶತಮಾನದಲ್ಲಿ ರಚಿಸಿದ ಪ್ರಭುಲಿಂಗಲೀಲೆಯಲ್ಲಿ ಅಲ್ಲಮನು ನಿರಹಂಕಾರ ಮತ್ತು ಸುಜ್ಞಾನಿಯರ ಮಗನಾಗಿ ಅವತರಿಸಿದವನು. ಬನವಾಸಿಯ ಮಮಕಾರ ರಾಜನ ಮಗಳಾದ ಮಾಯೆಯು ಅವನನ್ನು ಮೋಹಿಸಿ ಹಿಡಿಯಲೆಳಸಿ ಸೋಲುತ್ತಾಳೆ. ಅಲ್ಲಿ ಹೆಸರುಗಳೇ ತತ್ತ್ವವನ್ನು ನುಡಿಯುತ್ತವೆ: ಅಹಂಕಾರವಿಲ್ಲದೆಡೆ ಅರಿವು ಹುಟ್ಟುತ್ತದೆ, ಮಮಕಾರದ ಮನೆಯಲ್ಲಿ ಮಾಯೆ ಬೆಳೆಯುತ್ತದೆ. ಚಾಮರಸನಿಗಿಂತ ಬಹಳ ಹಿಂದಿನವನಾದ ಹರಿಹರನು ಪ್ರಭುದೇವರ ರಗಳೆಯಲ್ಲಿ ಹೇಳುವ ಕಥೆಯು ಮನೆಮನೆಯ ಕಥೆಗೆ ಹತ್ತಿರವಾದುದು. ಅಲ್ಲಿ ಅಲ್ಲಮನು ಕಮಲತೆಯೆಂಬ ಚೆಲುವೆಗೆ ಒಲಿದವನು. ಅವರ ಒಲವು ಪೂರ್ಣವಾಗಿ ಅರಳಿದ ಹೊತ್ತಿನಲ್ಲಿಯೇ ಕಮಲತೆಯು ಜ್ವರದಿಂದ ಮಡಿಯುತ್ತಾಳೆ. ಅಲ್ಲಮನಿಗೆ ಊರು ಬೇಡವಾಗುತ್ತದೆ, ಬದುಕು ಬರಿದಾಗುತ್ತದೆ. ಅವನು ಮರುಳನಂತೆ ಅಲೆಯುತ್ತಾನೆ.

ಈ ಬರಿದೂ ಒಂದು ಶೂನ್ಯವೇ. ಆದರೆ ಶರಣರು ಸಂಪಾದಿಸಿದ ಶೂನ್ಯ ಇದಲ್ಲ. ಇದರಲ್ಲಿ ಪ್ರಿಯವಸ್ತು ಇಲ್ಲವಾಗಿದೆ. ಅದನ್ನು ನನ್ನದೆಂದು ಹಿಡಿದಿದ್ದ ನಾನು ಎಂಬುದು ಮಾತ್ರ ಇನ್ನೂ ಉಳಿದಿದೆ. ಹಿಡಿದ ಕೈ ಹಾಗೆಯೇ ಇದ್ದು, ಹಿಡಿದ ವಸ್ತು ಜಾರಿಹೋದಾಗ ಉಂಟಾಗುವುದೇ ದುಃಖ. ಆ ಕೈ ಸಡಿಲುವುದು ಹೇಗೆಂಬುದನ್ನು ಹರಿಹರನ ಮುಂದಿನ ಕಥೆ ತೋರಿಸುತ್ತದೆ.

ಶೋಕದಿಂದ ಬಳಲಿ ತೋಪೊಂದರಲ್ಲಿ ಕುಳಿತ ಅಲ್ಲಮನು, ಏನನ್ನೂ ಎಣಿಸದೆ ಕಾಲುಗುರಿನಿಂದ ನೆಲವನ್ನು ಕೆದಕುತ್ತಿರುವಾಗ ದೇಗುಲದ ಕಳಸವೊಂದು ಕಣ್ಣಿಗೆ ಬೀಳುತ್ತದೆ. ಅಗೆಯಿಸಿ ನೋಡಿದರೆ ಹೂತುಹೋದ ಶಿವಾಲಯ. ಒಳಹೊಕ್ಕರೆ ಕರಸ್ಥಲದ ಲಿಂಗದಲ್ಲಿ ಎವೆಯಿಕ್ಕದೆ ನೋಟವನ್ನು ನಟ್ಟು ಕುಳಿತ ಅನಿಮಿಷಯ್ಯ. ಆ ಮೌನಯೋಗಿಯ ಕೈಯಿಂದ ಲಿಂಗವು ಅಲ್ಲಮನ ಕೈಗೆ ಬರುತ್ತಲೇ ಅನಿಮಿಷನ ಪ್ರಾಣವು ಬಯಲಾಗುತ್ತದೆ. ಗುರುವು ಉಪದೇಶದ ಮಾತೊಂದನ್ನೂ ಆಡಲಿಲ್ಲ. ಈ ಕಥೆಯಲ್ಲಿ ಗೃಹಸ್ಥರು ಗಮನಿಸತಕ್ಕ ವಿಷಯವೊಂದಿದೆ. ಅಲ್ಲಮನು ದುಃಖವನ್ನು ಬಿಟ್ಟೋಡಿ ಗುರುವನ್ನು ಕಂಡವನಲ್ಲ. ದುಃಖವು ಕುಳ್ಳಿರಿಸಿದ ನೆಲದಲ್ಲಿಯೇ, ಕಾಲಡಿಯಲ್ಲಿಯೇ ಗುರುವಿನ ಮಂದಿರವಿದ್ದಿತು. ಕಮಲತೆಯ ಮರಣದಲ್ಲಿ ಕಳೆದುಕೊಂಡವನು ಅನಿಮಿಷನ ಮರಣದಲ್ಲಿ ಪಡೆದನು. ಅಂದಿನಿಂದ ಅವನು ಪ್ರಭುದೇವನಾದನು. ಗುಹೇಶ್ವರನೆಂಬುದು ಅವನ ವಚನಗಳ ಅಂಕಿತವಾಯಿತು.

ಆ ಬಳಿಕ ಪ್ರಭುದೇವರು ಒಂದೆಡೆ ನೆಲಸಲಿಲ್ಲ. ಯಾರು ಯಾವುದನ್ನು ಬಿಗಿಯಾಗಿ ಹಿಡಿದಿರುವರೋ ಅಲ್ಲಿಗೆ ಹೋಗಿ, ಆ ಹಿಡಿತವನ್ನು ಸಡಿಲಿಸುವುದೇ ಅವರ ಜಂಗಮವೃತ್ತಿಯಾಯಿತು. ತೋಟವನ್ನು ಅಗೆಯುತ್ತಿದ್ದ ಗೊಗ್ಗಯ್ಯನ ದೃಷ್ಟಿಯನ್ನು ಮಣ್ಣಿನ ಬೆಳೆಯಿಂದ ಒಳಗಿನ ಬೆಳೆಯತ್ತ ತಿರುಗಿಸಿದರು. ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮಯ್ಯನವರು ಕೆರೆಯನ್ನು ಕಟ್ಟಿಸುತ್ತಿದ್ದರು. ಪ್ರಭುದೇವರು ಅಲ್ಲಿಗೆ ಹೋಗಿ ಅವರನ್ನು ಒಡ್ಡನೆಂದು ಕರೆದರೆಂದೂ, ಕೆರಳಿದ ಕೆಲಸಗಾರರು ಕಲ್ಲುಗಳನ್ನೆಸೆದರೆಂದೂ ಕಥೆಯಿದೆ. ಕೆರೆಯನ್ನು ಕಟ್ಟಿಸುವುದು ಲೋಕೋಪಕಾರದ ಕೆಲಸ. ಪ್ರಭುದೇವರು ಅದನ್ನು ಹಳಿಯಲಿಲ್ಲ. ಕಟ್ಟಿಸಿದವನು ನಾನು ಎಂಬ ಭಾವವು ಕೆರೆಯ ನೀರಿಗಿಂತ ಆಳವಾಗಿ ನಿಂತುಬಿಡುವುದನ್ನು ಅವರು ತೋರಿಸಿದರು. ಸಿದ್ಧರಾಮಯ್ಯನವರು ಅದನ್ನು ಅರಿತು ಪ್ರಭುದೇವರೊಡನೆ ಕಲ್ಯಾಣಕ್ಕೆ ನಡೆದರು.

ಗೋರಕ್ಷನು ತನ್ನ ವಜ್ರಕಾಯವನ್ನು ನಂಬಿದ್ದವನು. ಖಡ್ಗದಿಂದ ಹೊಡೆದರೆ ಅವನ ದೇಹವು ಖಣಿಲೆಂದಿತು. ಅದೇ ಖಡ್ಗವು ಪ್ರಭುದೇವರ ದೇಹದಲ್ಲಿ ಗಾಳಿಯಲ್ಲಿ ಬೀಸಿದಂತೆ ಹಾದುಹೋಯಿತೆಂದು ಚಾಮರಸನು ವರ್ಣಿಸುವನು. ಸದ್ದು ಮಾಡುವಷ್ಟು ನಾನು ಎಂಬುದು ಉಳಿದಿರುವಲ್ಲಿ ಪೆಟ್ಟೂ ಉಳಿದಿರುತ್ತದೆಂಬುದೇ ಆ ಕಥೆಯ ತಾತ್ಪರ್ಯ.

ಇವೆಲ್ಲಕ್ಕಿಂತ ಹೃದಯಸ್ಪರ್ಶಿಯಾದುದು ಶೂನ್ಯಸಂಪಾದನೆಯಲ್ಲಿ ಬರುವ ಮುಕ್ತಾಯಕ್ಕನ ಪ್ರಸಂಗ. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನು ಅಗಲಲು ಆಕೆ ಶೋಕದಲ್ಲಿ ಮುಳುಗಿದ್ದಾಳೆ. ಪ್ರಭುದೇವರು ಬಂದು, ಅರಿವನ್ನು ಪಡೆದವಳಿಗೆ ಈ ಅಳಲೇಕೆಂದು ಕೇಳುತ್ತಾರೆ. ಆಕೆ ಸುಲಭವಾಗಿ ತಲೆದೂಗುವುದಿಲ್ಲ. ಅರಿತವರು ಮಾತನಾಡುವುದಾದರೂ ಏಕೆಂದು ಅವರನ್ನೇ ಪ್ರಶ್ನಿಸುತ್ತಾಳೆ. ಪ್ರಭುದೇವರು ಮುನಿಯದೆ, ಅವಸರಿಸದೆ ಮಾತಿಗೆ ಮಾತು ಕೊಟ್ಟು ಆಕೆಯ ಜೊತೆಯಲ್ಲಿ ನಿಲ್ಲುತ್ತಾರೆ. ದುಃಖಿತರ ಮುಂದೆ ಎಲ್ಲವೂ ಮಾಯೆಯೆಂದು ಒಂದು ಮಾತೆಸೆದು ಹೊರಟುಹೋಗುವುದು ಜ್ಞಾನವಲ್ಲವೆಂಬುದಕ್ಕೆ ಈ ಪ್ರಸಂಗವೇ ಸಾಕ್ಷಿ.

ಕಲ್ಯಾಣದಲ್ಲಿಯೂ ಅವರ ರೀತಿ ಇದೇ ಆಗಿದ್ದಿತು. ಅವರು ಮಹಾಮನೆಯ ಬಾಗಿಲಿಗೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿದ್ದು, ಕರೆತರಲು ಹಡಪದ ಅಪ್ಪಣ್ಣನವರನ್ನು ಕಳುಹಿಸಿದರು. ಪ್ರಭುದೇವರು ಒಳಗೆ ಬರಲಿಲ್ಲ. ಬಾಗಿಲಿಗೆ ಬಂದ ಜಂಗಮವನ್ನು ಕಾಯಿಸಿ ಮಾಡುವ ಪೂಜೆಯ ಕೊರತೆಯನ್ನು ಚೆನ್ನಬಸವಣ್ಣನವರು ಎತ್ತಿ ತೋರಿಸಲು, ಬಸವಣ್ಣನವರು ತಾವೇ ಎದ್ದುಬಂದರು. ಅನುಭವಮಂಟಪದಲ್ಲಿ ಮಹಾದೇವಿಯಕ್ಕನನ್ನು ಅವರು ಕಠಿನವಾಗಿ ಪರೀಕ್ಷಿಸಿದರು. ಉಡುಗೆಯನ್ನು ತೊರೆದವಳು ಕೂದಲನ್ನು ಮರೆಮಾಡಿಕೊಂಡುದೇಕೆಂಬ ಪ್ರಶ್ನೆಗೆ, ನೋಡುವವರ ಮನಸ್ಸು ನೋಯದಿರಲೆಂದು ಎಂಬರ್ಥದ ಉತ್ತರ ಬಂದಿತು. ಆ ಉತ್ತರದಲ್ಲಿ ತನ್ನ ಚಿಂತೆಯಿರಲಿಲ್ಲ, ಪರರ ಹಿತವಿದ್ದಿತು. ಪ್ರಭುದೇವರು ಆಕೆಯ ಮಹಿಮೆಯನ್ನು ಮನಸಾರೆ ಒಪ್ಪಿದರು.

ಹಾಗಾದರೆ ಪ್ರಭುದೇವರ ಶೂನ್ಯವೆಂದರೇನು? ಏನೂ ಇಲ್ಲವೆಂಬ ನಿರಾಶೆ ಅದಲ್ಲ. ಯೋಚನೆಗಳನ್ನೂ ಭಾವನೆಗಳನ್ನೂ ಕಲ್ಲಾಗಿಸುವುದೂ ಅಲ್ಲ. ಅವರು ನುಡಿಸುತ್ತಿದ್ದ ಮದ್ದಳೆಯನ್ನೇ ನೋಡಬಹುದು. ಅದರ ಒಡಲು ಟೊಳ್ಳಾಗಿರುವುದರಿಂದಲೇ ನಾದ ಹೊಮ್ಮುತ್ತದೆ. ಒಳಗೆ ಮಣ್ಣು ತುಂಬಿದರೆ ಎಷ್ಟು ಬಡಿದರೂ ಧ್ವನಿಯಿಲ್ಲ. ನಾನು, ನನ್ನದು ಎಂಬುದು ತುಂಬಿದ ಮನಸ್ಸಿನಲ್ಲಿ ಭಕ್ತಿಯೂ ಮೂಕವಾಗುತ್ತದೆ. ಅದು ತೆರವಾದಾಗ ದುಡಿಮೆಯು ಕಾಯಕವಾಗುತ್ತದೆ, ಊಟವು ಪ್ರಸಾದವಾಗುತ್ತದೆ, ಮಕ್ಕಳ ಮೇಲಿನ ಮಮತೆಯು ಕಟ್ಟಿಹಾಕದ ಪ್ರೀತಿಯಾಗುತ್ತದೆ.

ಕಲ್ಯಾಣದ ಕಾರ್ಯವು ಮುಗಿಯಲು ಪ್ರಭುದೇವರು ಶ್ರೀಶೈಲದ ಕದಳಿಯಲ್ಲಿ ಬಯಲಾದರೆಂದು ಶರಣಪರಂಪರೆಯು ನಂಬಿದೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಅವರ ಮತ್ತು ಇತರ ಶರಣರ ವಚನಗಳನ್ನು ಸಂವಾದರೂಪದಲ್ಲಿ ಪೋಣಿಸಿ ಶೂನ್ಯಸಂಪಾದನೆಯನ್ನು ರಚಿಸಿದರು. ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಇವರು ಅದನ್ನು ಪರಿಷ್ಕರಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ ಅದನ್ನು ಇಂಗ್ಲಿಷ್ ಅನುವಾದದೊಡನೆ ಐದು ಸಂಪುಟಗಳಲ್ಲಿ ಪ್ರಕಟಿಸಿತು.

ಗ್ರಂಥಗಳು ಪೀಠದ ಮೇಲಿರಲಿ, ಪೂಜೆಗೆ ಕುಳಿತ ಗೃಹಸ್ಥನ ಮನಸ್ಸು ನಾಳೆಯೂ ಅಲೆಯುವುದು. ಹೊಲದ ನೆನಹು ಬರುವುದು, ಅಗಲಿದವರ ನೆನಪೂ ಬರುವುದು. ಅವುಗಳನ್ನು ಅಟ್ಟುವ ಹಟವೂ ಬೇಡ, ಹಿಡಿದಿಡುವ ಆಸೆಯೂ ಬೇಡ. ಬಂದುದು ಬಂದು ಹೋಗಲಿ. ನೋಟವು ಲಿಂಗದಲ್ಲಿ ನಿಲ್ಲಲಿ. ಅಲ್ಲಮನ ಕಾಲಡಿಯ ನೆಲದಲ್ಲಿದ್ದ ಕಳಸವು, ಕುಳಿತೆಡೆಯಲ್ಲಿಯೇ ಕೆದಕುವ ಪ್ರತಿಯೊಬ್ಬ ಭಕ್ತನಿಗೂ ಕಾದಿದೆ.