ಶಾಲೆಗೆ ಮರಳಿದ ಮಹಾಗಣಿತಜ್ಞ

ಬೆಳೆಯ ಸಿರಿಯನ್ನು ಮೊಳಕೆಯಲ್ಲಿ ನೋಡು ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಮೊಳಕೆಯನ್ನು ಗುರುತಿಸಿ ನೀರೆರೆಯುವವರೇ ಇಲ್ಲದಿದ್ದರೆ ಸಿರಿ ಎಲ್ಲಿಂದ ಬಂದೀತು? ಹಳ್ಳಿಗಾಡಿನಲ್ಲಿ ಹುಟ್ಟಿದ ಎಷ್ಟೋ ಜಾಣಮಕ್ಕಳು ತಮ್ಮೊಳಗಿನ ಶಕ್ತಿಯನ್ನು ತಾವೇ ಅರಿಯದೆ ಉಳಿದುಬಿಡುತ್ತಾರೆ. ಅಂತಹ ಮಕ್ಕಳನ್ನು ಹುಡುಕಿ ಕಲಿಸುವುದಕ್ಕಾಗಿ ತಮ್ಮ ಬಾಳಿನ ಸಂಜೆಯನ್ನು ಮುಡಿಪಾಗಿಟ್ಟ ಒಬ್ಬ ಮಹನೀಯರ ಜೀವನವನ್ನು ನಾವು ಇಲ್ಲಿ ಅವಲೋಕಿಸೋಣ. ಅವರೇ ರಷ್ಯದ ಗಣಿತಜ್ಞ ಆಂದ್ರೆಯ್ ಕೊಲ್ಮೊಗೊರೊವ್.

ಕೊಲ್ಮೊಗೊರೊವ್ ಅವರು 1903ರ ಏಪ್ರಿಲ್ 25ರಂದು ತಾಂಬೊವ್ ಎಂಬ ಪಟ್ಟಣದಲ್ಲಿ ಜನಿಸಿದರು. ಹೆರಿಗೆಯಲ್ಲಿಯೇ ತಾಯಿ ತೀರಿಕೊಂಡರು. ತಬ್ಬಲಿ ಕೂಸನ್ನು ತಾಯಿಯ ಅಕ್ಕತಂಗಿಯರು ಯಾರೊಸ್ಲಾವ್ಲ್ ಬಳಿಯ ತುನೊಷ್ನ ಎಂಬ ಹಳ್ಳಿಯಲ್ಲಿದ್ದ ಅಜ್ಜನ ಮನೆಯಲ್ಲಿ ಸಾಕಿದರು. ಅವರಲ್ಲಿ ವೇರಾ ಎಂಬಾಕೆ ಮಗುವಿಗೆ ತಾಯಿಯೇ ಆದಳು. ಈ ಹೆಣ್ಣುಮಕ್ಕಳು ಮನೆಯಲ್ಲೇ ಒಂದು ಪುಟ್ಟ ಶಾಲೆ ನಡೆಸುತ್ತಿದ್ದರು. ಮಕ್ಕಳ ಬರಹಗಳನ್ನು ಕೂಡಿಸಿ ಕೈಬರಹದ ಪತ್ರಿಕೆಯೊಂದನ್ನೂ ಹೊರತರುತ್ತಿದ್ದರು. ಅದರ ಗಣಿತ ವಿಭಾಗಕ್ಕೆ ಐದಾರು ವರ್ಷದ ಆಂದ್ರೆಯ್ ಸಂಪಾದಕ!

ಆ ಪತ್ರಿಕೆಯಲ್ಲಿ ಬಾಲಕನು ತಾನೇ ಕಂಡುಕೊಂಡ ಒಂದು ಸಂಗತಿಯನ್ನು ಪ್ರಕಟಿಸಿದನು. ಬೆಸಸಂಖ್ಯೆಗಳನ್ನು ಒಂದರಿಂದ ಮೊದಲುಗೊಂಡು ಸಾಲಾಗಿ ಕೂಡಿಸುತ್ತ ಹೋದರೆ ಯಾವಾಗಲೂ ವರ್ಗಸಂಖ್ಯೆಯೇ ಬರುತ್ತದೆ: 1 + 3 = 4, 1 + 3 + 5 = 9, 1 + 3 + 5 + 7 = 16. ನಮ್ಮ ವಿದ್ಯಾರ್ಥಿಗಳು ಇದನ್ನು ಹುಣಿಸೆ ಬೀಜಗಳಿಂದ ಪರೀಕ್ಷಿಸಬಹುದು. ಒಂದು ಬೀಜವನ್ನಿಟ್ಟು ಅದರ ಬಲಕ್ಕೂ ಕೆಳಕ್ಕೂ ಮೂಲೆಗೂ ಮೂರು ಬೀಜಗಳನ್ನಿಟ್ಟರೆ ಸಾಲಿಗೆ ಎರಡರ ಚೌಕವಾಗುತ್ತದೆ. ಹಾಗೆಯೇ ಐದನ್ನು ಸೇರಿಸಿದರೆ ಸಾಲಿಗೆ ಮೂರರ ಚೌಕ. ಈ ನಿಯಮ ಪುರಾತನರಿಗೂ ತಿಳಿದಿತ್ತು. ಆದರೆ ಯಾರೂ ಹೇಳಿಕೊಡದೆ ತಾನಾಗಿಯೇ ಕಂಡ ಸಂತೋಷ ಆ ಬಾಲಕನದು. ಅದನ್ನು ಕಡೆಗಣಿಸದೆ ಪತ್ರಿಕೆಗೆ ಸೇರಿಸಿದ ಪುಣ್ಯ ಆ ತಾಯಂದಿರದು.

1910ರಲ್ಲಿ ವೇರಾ ಅವರು ಬಾಲಕನನ್ನು ಮಾಸ್ಕೋಗೆ ಕರೆತಂದು ಶಾಲೆಗೆ ಸೇರಿಸಿದರು. ಮುಂದೆ ಕ್ರಾಂತಿ, ಅಂತರ್ಯುದ್ಧ, ಹಸಿವು. ಓದು ಮುಗಿಯುವ ಮುನ್ನವೇ ತರುಣನು ರೈಲು ರಸ್ತೆಯ ಕೆಲಸಕ್ಕೆ ಹೋಗಬೇಕಾಯಿತು. ಅಲ್ಲಿಯೂ ಅವನು ತಾನೇ ಓದಿಕೊಂಡು ಪರೀಕ್ಷೆಗೆ ಸಿದ್ಧನಾದನು. ಮರಳಿ ಬಂದಾಗ ಶಾಲೆಯವರು ಪರೀಕ್ಷೆಯನ್ನೇ ಮಾಡದೆ ಪ್ರಮಾಣಪತ್ರ ಕೊಟ್ಟುಬಿಟ್ಟರಂತೆ. ಅದರಿಂದ ಅವನಿಗೆ ನಿರಾಶೆಯೇ ಆಯಿತು! 1920ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯ ಸೇರಿ, ಮೊದಲ ವರ್ಷದ ಪರೀಕ್ಷೆಗಳನ್ನು ಕೆಲವೇ ತಿಂಗಳಲ್ಲಿ ಮುಗಿಸಿದನು. ಎರಡನೆಯ ವರ್ಷದವರಿಗೆ ತಿಂಗಳಿಗೆ 16 ಕಿಲೋ ಬ್ರೆಡ್ಡೂ ಒಂದು ಕಿಲೋ ಬೆಣ್ಣೆಯೂ ಸಿಗುತ್ತಿದ್ದವು. ಆ ಕಾಲದಲ್ಲಿ ಅದೇ ಐಶ್ವರ್ಯ.

1922ರಲ್ಲಿ, 19ನೆಯ ವಯಸ್ಸಿನಲ್ಲೇ, ಶ್ರೇಢಿಗಳ ಕುರಿತ ಒಂದು ಶೋಧನೆಯಿಂದ ಅವರ ಹೆಸರು ಹೊರದೇಶಗಳಿಗೂ ಹರಡಿತು. ಅದೇ ವರ್ಷ ಅವರು ಒಂದು ಪ್ರಾಯೋಗಿಕ ಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರಾಗಿ ಸೇರಿ 1925ರವರೆಗೆ ಮಕ್ಕಳಿಗೆ ಕಲಿಸಿದರು. 1931ರಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1933ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಅವರ ಸಣ್ಣ ಪುಸ್ತಕವೊಂದು ಸಂಭಾವ್ಯತಾ ಶಾಸ್ತ್ರಕ್ಕೆ ಭದ್ರವಾದ ತಳಹದಿಯನ್ನು ಹಾಕಿತು. ನಾಣ್ಯ ಚಿಮ್ಮುವುದು, ದಾಳ ಉರುಳಿಸುವುದು ಮೊದಲಾದ ಆಕಸ್ಮಿಕಗಳ ಲೆಕ್ಕವನ್ನು ಅವರು ರೇಖಾಗಣಿತದಂತೆ ಕೆಲವೇ ಮೂಲತತ್ತ್ವಗಳ ಮೇಲೆ ನಿಲ್ಲಿಸಿದರು. 1962ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಇಷ್ಟು ಕೀರ್ತಿ ಗಳಿಸಿದವರು ಅರವತ್ತರ ಹೊಸ್ತಿಲಲ್ಲಿ ವಿಶ್ರಮಿಸಬಹುದಾಗಿತ್ತು. ಕೊಲ್ಮೊಗೊರೊವ್ ಅವರು ಹಾಗೆ ಮಾಡದೆ ಮರಳಿ ಶಾಲೆಯ ಕಡೆಗೆ ನಡೆದರು. ಮಾಸ್ಕೋದಂತಹ ನಗರಗಳ ಮಕ್ಕಳಿಗೆ ಒಳ್ಳೆಯ ಶಾಲೆಗಳೂ ಗಣಿತ ಕೂಟಗಳೂ ಇದ್ದವು. ದೂರದ ಹಳ್ಳಿ, ಸಣ್ಣ ಊರುಗಳ ಮಕ್ಕಳಿಗೆ ಏನಿತ್ತು? ಅವರೂ ಭೌತಶಾಸ್ತ್ರಜ್ಞ ಕಿಕೋಯಿನ್ ಅವರೂ ಮುಂದಾಗಿ ಯತ್ನಿಸಿದ ಫಲವಾಗಿ 1963ರ ಡಿಸೆಂಬರ್ 2ರಂದು ಮಾಸ್ಕೋದಲ್ಲಿ ಸರಕಾರದ 18ನೆಯ ಸಂಖ್ಯೆಯ ವಸತಿಶಾಲೆ ತೆರೆಯಿತು. ಗಣಿತ, ಭೌತಶಾಸ್ತ್ರಗಳೇ ಅದರ ವಿಶೇಷ. ಲೆನಿನ್‌ಗ್ರಾಡ್, ನೊವೊಸಿಬಿರ್ಸ್ಕ್, ಕೀವ್ ನಗರಗಳಲ್ಲಿಯೂ ಆ ಕಾಲಕ್ಕೇ ಇಂತಹ ಶಾಲೆಗಳು ಎದ್ದವು.

ಜಗತ್ಪ್ರಸಿದ್ಧ ವಿದ್ವಾಂಸರು ಸುಮಾರು 15 ವರ್ಷ ಆ ಮಕ್ಕಳಿಗೆ ಪಾಠ ಹೇಳಿದರು. ಪಾಠಗಳ ಟಿಪ್ಪಣಿಗಳನ್ನು ಅವರೇ ಸಿದ್ಧಪಡಿಸುತ್ತಿದ್ದರು. ಸಂಜೆಗಳಲ್ಲಿ ಮಕ್ಕಳಿಗೆ ಸಂಗೀತ ಕೇಳಿಸುತ್ತಿದ್ದರು, ಕಾವ್ಯ, ಚಿತ್ರಕಲೆಗಳ ವಿಷಯ ಹೇಳುತ್ತಿದ್ದರು. ಅವರೊಡನೆ ಕಾಡುಮೇಡುಗಳಲ್ಲಿ ನಡೆಯುತ್ತಿದ್ದರು. ಎಲ್ಲರೂ ಗಣಿತಜ್ಞರಾಗಲೇಬೇಕೆಂಬ ಹಟ ಅವರಿಗಿರಲಿಲ್ಲ. ಈ ಶಾಲೆಯಲ್ಲಿ ಮೊದಲ ವರ್ಷ ಓದಿದ ಯೂರಿ ಮತಿಯಾಸೆವಿಚ್ 1970ರಲ್ಲಿ, 22ನೆಯ ವಯಸ್ಸಿನಲ್ಲಿ, ಹಿಲ್ಬರ್ಟರ ಹತ್ತನೆಯ ಸಮಸ್ಯೆ ಎಂಬ ಎಪ್ಪತ್ತು ವರ್ಷ ಹಳೆಯ ಗಂಟನ್ನು ಬಿಡಿಸಿದರು.

ಕೆಲವರನ್ನೇ ಆರಿಸಿ ಕಲಿಸಿದರೆ ಉಳಿದವರ ಗತಿಯೇನು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಅದು ನ್ಯಾಯವಾದ ಪ್ರಶ್ನೆಯೇ. ಉಳಿದವರನ್ನು ಕೊಲ್ಮೊಗೊರೊವ್ ಅವರು ಮರೆಯಲಿಲ್ಲ. 1970ರಲ್ಲಿ ಕಿಕೋಯಿನ್ ಅವರೊಡನೆ ಶಾಲಾಮಕ್ಕಳಿಗಾಗಿ ಕ್ವಾಂತ್ ಎಂಬ ಮಾಸಪತ್ರಿಕೆಯನ್ನು ಆರಂಭಿಸಿ ಅದರ ಗಣಿತ ವಿಭಾಗವನ್ನು ನೋಡಿಕೊಂಡರು. ಅಂಚೆ ಹೋಗುವ ಊರಿಗೆಲ್ಲ ಆ ಪತ್ರಿಕೆ ಹೋಗಬಹುದಾಗಿತ್ತು. ಸಾಮಾನ್ಯ ಶಾಲೆಗಳ ಗಣಿತ ಪಠ್ಯವನ್ನೂ ಹೊಸದಾಗಿ ರೂಪಿಸಲು ಹೊರಟರು. ಆದರೆ ಆ ಪುಸ್ತಕಗಳು ಮಕ್ಕಳಿಗೆ ತೀರ ಕಠಿಣವೆಂದು 1978ರಲ್ಲಿ ಸಹ ವಿದ್ವಾಂಸರೇ ಕಟುವಾಗಿ ಟೀಕಿಸಿದರು. ದೊಡ್ಡವರ ಯತ್ನಗಳೆಲ್ಲ ಫಲಿಸುವುದಿಲ್ಲವೆಂಬುದನ್ನೂ ನಾವು ಅರಿಯಬೇಕು.

ಕಡೆಯ ವರ್ಷಗಳಲ್ಲಿ ನಡುಕದ ಬೇನೆಯೂ ದೃಷ್ಟಿಮಾಂದ್ಯವೂ ಅವರನ್ನು ಕಾಡಿದವು. 1987ರ ಅಕ್ಟೋಬರ್ 20ರಂದು ಅವರು ಕಾಲವಾದರು. ಅವರ ಶಾಲೆಗೆ 1989ರಲ್ಲಿ ಅವರ ಹೆಸರನ್ನೇ ಇಡಲಾಯಿತು. ಅದು ಇಂದಿಗೂ ನಡೆಯುತ್ತಿದೆ.

ಅಂತಹ ಶಾಲೆ ಎಲ್ಲರಿಗೂ ದೊರೆಯದು. ಆದರೆ ಈ ಮಹನೀಯರ ಮೊದಲ ಲೇಖನ ಬೆಳಕು ಕಂಡದ್ದು ದೊಡ್ಡ ಶಾಲೆಯಲ್ಲಿ ಅಲ್ಲ, ಒಂದು ಹಳ್ಳಿಮನೆಯ ಕೈಬರಹದ ಹಾಳೆಯಲ್ಲಿ. ಮಗು ತಾನಾಗಿ ಕಂಡದ್ದನ್ನು ಹೇಳಲು ಬಂದಾಗ ಕಿವಿಗೊಡುವ ಒಬ್ಬರು ಮನೆಯಲ್ಲಿದ್ದರೆ ಅಲ್ಲಿಗೇ ವಿಜ್ಞಾನದ ಶಾಲೆ ತೆರೆಯಿತೆಂದು ತಂದೆತಾಯಿಗಳು ತಿಳಿಯಲಿ. ವಿದ್ಯಾರ್ಥಿಮಿತ್ರರು ಕಂಡದ್ದನ್ನು ಬರೆಯಲಿ. ಅದಕ್ಕೆ ಈ ಸಂಚಿಕೆಯ ಪುಟಗಳೂ ಇವೆ.